ಅಲುಗದೆ ದುಡಿಯುವ ಸ್ನಾಯು: ಐಸೊಮೆಟ್ರಿಕ್ ವ್ಯಾಯಾಮದ ಲಾಭ ಮತ್ತು ಸುರಕ್ಷತೆ

ಕೀಲನ್ನು ಮಡಿಚದೆ, ಬಿಚ್ಚದೆ, ಒಂದೇ ಭಂಗಿಯಲ್ಲಿ ಸ್ನಾಯುವನ್ನು ಬಿಗಿಹಿಡಿದು ನಿಲ್ಲುವ ವ್ಯಾಯಾಮವೇ ಐಸೊಮೆಟ್ರಿಕ್ ವ್ಯಾಯಾಮ. ನೀರು ತುಂಬಿದ ಕೊಡಪಾನವನ್ನು ಎತ್ತಿ ಇಳಿಸುವಾಗ ತೋಳಿನ ಸ್ನಾಯು ಗಿಡ್ಡವಾಗುತ್ತದೆ, ಮತ್ತೆ ಉದ್ದವಾಗುತ್ತದೆ. ಅದೇ ಕೊಡಪಾನವನ್ನು ಮೊಣಕೈ ಅರ್ಧ ಮಡಿಚಿ ಹಾಗೆಯೇ ಹಿಡಿದು ನಿಂತರೆ ಸ್ನಾಯು ದುಡಿಯುತ್ತಲೇ ಇರುತ್ತದೆ, ಆದರೆ ಅಲುಗುವುದಿಲ್ಲ. ಗೋಡೆಯನ್ನು ಅಂಗೈಯಿಂದ ಒತ್ತುವುದು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರುವ ವಾಲ್ ಸಿಟ್, ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ನೇರವಾಗಿ ನಿಲ್ಲಿಸುವ ಪ್ಲ್ಯಾಂಕ್, ರಬ್ಬರ್ ಚೆಂಡನ್ನು ಹಿಸುಕಿ ಹಿಡಿಯುವುದು ಎಲ್ಲವೂ ಇದೇ ಗುಂಪಿಗೆ ಸೇರುತ್ತವೆ. ಉತ್ಕಟಾಸನ, ವೀರಭದ್ರಾಸನ, ನೌಕಾಸನಗಳಲ್ಲಿ ಭಂಗಿ ತಲುಪಿದ ಮೇಲೆ ನಡೆಯುವುದೂ ಇದೇ ಕೆಲಸ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಆಟ, ಕಲೆ, ದುಡಿಮೆಗಳಲ್ಲಿ ಸ್ನಾಯುವಿನ ಈ ಬಿಗಿಹಿಡಿತ ಎಲ್ಲೆಲ್ಲೂ ಕಾಣಸಿಗುತ್ತದೆ. ಬಂಟ್ವಾಳದ ಹೊಕ್ಕಾಡಿಗೋಳಿ, ಬೆಳ್ತಂಗಡಿಯ ವೇಣೂರು, ಮೂಡುಬಿದಿರೆಯ ಕಡಲಕೆರೆಯ ಕಂಬಳಗಳಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆಗಳ ಜತೆಗೆ ಕನೆಹಲಗೆಯೆಂಬ ವಿಭಾಗವೂ ಇದೆ. ಕೋಣಗಳು ಎಳೆಯುವ ಪುಟ್ಟ ಹಲಗೆಯ ಮೇಲೆ ಓಡಿಸುವವನು ಒಂದು ಕಾಲೂರಿ ನಿಲ್ಲುತ್ತಾನೆ. ಹಲಗೆಯ ತೂತುಗಳಿಂದ ನೀರು ಮೇಲೆ ಅಡ್ಡಲಾಗಿ ಕಟ್ಟಿದ ಬಟ್ಟೆಯ ನಿಶಾನೆಯ ಎತ್ತರಕ್ಕೆ ಚಿಮ್ಮಬೇಕು. ಪ್ರೇಕ್ಷಕರ ಕಣ್ಣೆಲ್ಲ ನಿಶಾನೆಯ ಬಟ್ಟೆಯ ಮೇಲಿರುತ್ತದೆ; ಕೆಳಗೆ ಅವನ ತೊಡೆ, ಸೊಂಟ, ಮುಂಗೈಗಳು ಆ ಕೆಲವು ಸೆಕೆಂಡು ಬಹುಮಟ್ಟಿಗೆ ಒಂದೇ ಕೋನದಲ್ಲಿ ಬಿಗಿದುಕೊಂಡಿರುತ್ತವೆ. ಊರ ಮೈದಾನದ ಹಗ್ಗಜಗ್ಗಾಟದಲ್ಲಿ ಸಮಬಲದ ಎರಡು ತಂಡಗಳು ಸಿಕ್ಕಿದಾಗ ಹಗ್ಗ ಅತ್ತಿತ್ತ ಸರಿಯದೆ ನಿಂತುಬಿಡುತ್ತದಲ್ಲ, ಆಗಲೂ ಹಾಗೆಯೇ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಧಾರಿಯ ಕುತ್ತಿಗೆ ಕಿರೀಟದ ಭಾರವನ್ನು ಗಂಟೆಗಟ್ಟಲೆ ತಡೆದು ನಿಲ್ಲುತ್ತದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ವಿದ್ಯಾರ್ಥಿಗಳು ಪ್ರದರ್ಶಿಸುವ ಮಲ್ಲಕಂಬದಲ್ಲಿ ಕಂಬವನ್ನು ತೊಡೆಯಲ್ಲಿ ಕಚ್ಚಿ ದೇಹವನ್ನು ಅಡ್ಡಲಾಗಿ ಚಾಚಿ ನಿಲ್ಲಿಸುವ ಭಂಗಿಗಳು ಐಸೊಮೆಟ್ರಿಕ್ ಬಲದ ಕಠಿಣ ಪರೀಕ್ಷೆಗಳು. ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಓದುವಾಗ ಭಾರ ಎತ್ತಲು ಕಲಿತು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಕಂಚು ಗೆದ್ದ ಗುರುರಾಜ ಪೂಜಾರಿಯವರ ಕ್ರೀಡೆಯಲ್ಲೂ ಕೊನೆಯ ಗಳಿಗೆ ಇಂಥದ್ದೇ: ತಲೆಯ ಮೇಲೆತ್ತಿದ ಭಾರವನ್ನು ತೀರ್ಪುಗಾರರ ಸೂಚನೆ ಬರುವವರೆಗೆ ಅಲುಗದೆ ಹಿಡಿಯದಿದ್ದರೆ ಎತ್ತಿದ್ದು ಲೆಕ್ಕಕ್ಕಿಲ್ಲ.

ಹೀಗೆ ಪರಿಚಿತವಾದದ್ದನ್ನೇ ಅಳೆದು ತೂಗಿ, ಎಷ್ಟು ಬಲದಲ್ಲಿ, ಎಷ್ಟು ಹೊತ್ತು, ಎಷ್ಟು ಬಿಡುವು ಕೊಟ್ಟು ಮಾಡಬೇಕು ಎಂದು ನಿಗದಿಪಡಿಸಿದಾಗ ಅದು ತರಬೇತಿಯಾಗುತ್ತದೆ. ಲಾಭವೂ ಅಪಾಯವೂ ಈ ಮೂರರ ಮೇಲೆ ನಿಂತಿವೆ. ಅಳತೆಯಿಲ್ಲದ ಬಿಗಿತ ಇದೇ ಸೀಮೆಯ ಸಾವಿರಾರು ಮಂದಿಗೆ ಬೆನ್ನುನೋವು, ಕುತ್ತಿಗೆನೋವು ತಂದಿದೆ. ಅಳತೆಯ ಬಿಗಿತ ರಕ್ತದೊತ್ತಡ ಇಳಿಸುತ್ತದೆ.

ಇದರ ವೈಜ್ಞಾನಿಕ ಅಧ್ಯಯನ ಗಟ್ಟಿಯಾಗಿ ಆರಂಭವಾದದ್ದು 1953ರಲ್ಲಿ. ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಥಿಯೋಡೋರ್ ಹೆಟಿಂಗರ್ ಮತ್ತು ಎರಿಕ್ ಮ್ಯುಲರ್, ದಿನಕ್ಕೊಮ್ಮೆ ಆರು ಸೆಕೆಂಡು, ಪೂರ್ಣ ಬಲದ ಮೂರನೇ ಎರಡು ಪಾಲಿನಷ್ಟು ಬಿಗಿಹಿಡಿದರೆ ವಾರಕ್ಕೆ ಸುಮಾರು ಶೇ. 5ರಷ್ಟು ಬಲ ಹೆಚ್ಚುತ್ತದೆ ಎಂದು ವರದಿ ಮಾಡಿದರು. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಇದು ದೊಡ್ಡ ಅಲೆಯೆಬ್ಬಿಸಿತು. ಬಾಬ್ ಹಾಫ್‌ಮನ್ ಎಂಬ ಉದ್ಯಮಿ ಇದಕ್ಕೆಂದೇ ಕಬ್ಬಿಣದ ಚೌಕಟ್ಟುಗಳನ್ನು ಮಾರಿದರು. ಆದರೆ ಆಗ ಮಾದರಿಯಾಗಿ ತೋರಿಸಲಾದ ಭಾರ ಎತ್ತುಗಾರರು ಸ್ಟೀರಾಯ್ಡ್ ಮಾತ್ರೆಗಳನ್ನೂ ನುಂಗುತ್ತಿದ್ದರೆಂಬುದು ಆಮೇಲೆ ಬಯಲಾಯಿತು. ಮುಂದಿನ ಪ್ರಯೋಗಗಳಲ್ಲಿ ವಾರಕ್ಕೆ ಶೇ. 5ರ ಏರಿಕೆಯೂ ಸಾಮಾನ್ಯವಾಗಿ ಕಾಣಲಿಲ್ಲ. ಅಲೆ ಇಳಿಯಿತು. ಅತಿಯಾಗಿ ಹೊಗಳಿದ್ದರಿಂದಲೇ ಒಂದು ಒಳ್ಳೆಯ ವಿಧಾನ ಹಲವು ದಶಕ ಮೂಲೆಗೆ ಸರಿಯಿತು. ಕರ್ನಾಟಕದಲ್ಲಿ ಈ ಏರಿಳಿತದ ಸದ್ದು ಹೆಚ್ಚೇನೂ ಕೇಳಲಿಲ್ಲ. ಇಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ 1930ರ ದಶಕದಲ್ಲೇ ತಮ್ಮ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ ಆಸನ, ಸೂರ್ಯನಮಸ್ಕಾರ, ಭಾರ ಎತ್ತುವಿಕೆಗಳನ್ನು ಒಂದುಗೂಡಿಸಿದ್ದರು. ಸ್ಥಿರ ಭಂಗಿಯ ಅಭ್ಯಾಸ ಯೋಗದ ಮೂಲಕ ಉಳಿದುಕೊಂಡಿತು. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಎಸ್‌ಡಿಎಂ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು ಆ ಧಾರೆಗೆ ಈ ಸೀಮೆಯಲ್ಲಿ ಪದವಿ ಶಿಕ್ಷಣದ ರೂಪ ಕೊಟ್ಟಿತು.

ಲಾಭಗಳಲ್ಲಿ ಮೊದಲನೆಯದು ಬಲವೇ. ಸ್ನಾಯುವನ್ನು ಬಿಗಿಹಿಡಿದಾಗ ಮೆದುಳು ಹೆಚ್ಚು ಹೆಚ್ಚು ನರತಂತುಗಳನ್ನು ಕೆಲಸಕ್ಕೆ ಕರೆಯುತ್ತದೆ. ಮೊದಲ ಕೆಲವು ವಾರಗಳ ಏರಿಕೆ ಬಹುಪಾಲು ನರಗಳ ಈ ಕಲಿಕೆಯಿಂದ ಬರುವಂಥದ್ದು, ಸ್ನಾಯು ದಪ್ಪವಾಗುವುದು ಆಮೇಲೆ. ಇದಕ್ಕೊಂದು ಮಿತಿಯೂ ಉಂಟು. ಯಾವ ಕೋನದಲ್ಲಿ ಅಭ್ಯಾಸ ಮಾಡಲಾಗುತ್ತದೆಯೋ ಆ ಕೋನದಲ್ಲಿ ಮತ್ತು ಅದರ ಆಚೀಚೆ ಹದಿನೈದು ಇಪ್ಪತ್ತು ಡಿಗ್ರಿಯಲ್ಲಿ ಬಲ ಚೆನ್ನಾಗಿ ಹೆಚ್ಚುತ್ತದೆ, ಉಳಿದ ಕಡೆ ಅಷ್ಟಿಲ್ಲ. ಮಂಡಿಯನ್ನು ತುಸುವೇ ಮಡಿಚಿ ಅಭ್ಯಾಸ ಮಾಡಿದವರಿಗೆ ನೆಲದಿಂದ ಏಳುವುದು ಸುಲಭವಾಗಲಿಕ್ಕಿಲ್ಲ. ಸ್ನಾಯು ಹಿಗ್ಗಿದ ಸ್ಥಿತಿಯಲ್ಲಿ, ತೊಡೆಯ ಮುಂಭಾಗದ ಸ್ನಾಯುವಿಗಾದರೆ ಮಂಡಿ ಹೆಚ್ಚು ಮಡಿಚಿದ ಕೋನಗಳಲ್ಲಿ, ಮಾಡಿದರೆ ಲಾಭ ಉಳಿದ ಕೋನಗಳಿಗೂ ಹರಡುತ್ತದೆ, ಸ್ನಾಯುವೂ ಹೆಚ್ಚು ಬೆಳೆಯುತ್ತದೆ. ಆದ್ದರಿಂದ ಎರಡು ಮೂರು ಕೋನಗಳಲ್ಲಿ ಮಾಡುವುದು ಜಾಣತನ.

ಎರಡನೆಯದು ಚಿಕಿತ್ಸೆಯಲ್ಲಿನ ಉಪಯೋಗ. ಮಂಡಿ ಶಸ್ತ್ರಚಿಕಿತ್ಸೆಯಾದ ರೋಗಿಗೆ ಫಿಸಿಯೋಥೆರಪಿಸ್ಟ್ ಬಹುಬೇಗ ಹೇಳಿಕೊಡುವ ವ್ಯಾಯಾಮವೇ ಐಸೊಮೆಟ್ರಿಕ್: ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆಯ ಸ್ನಾಯುವನ್ನು ಬಿಗಿದು ಟವೆಲನ್ನು ಕೆಳಕ್ಕೆ ಒತ್ತಿ ಐದಾರು ಸೆಕೆಂಡು ಹಿಡಿಯುವುದು. ಕೀಲು ಅಲುಗಿಸದೆಯೇ ಸ್ನಾಯು ಕರಗದಂತೆ ಕಾಯುವ ದಾರಿ ಇದು. ಮಂಡಿ ಸವೆತದವರಿಗೂ ಇದನ್ನೇ ಹೇಳುತ್ತಾರೆ. ಸ್ನಾಯುರಜ್ಜುವಿನ ನೋವಿನಲ್ಲೂ ಇದರ ಪ್ರಯೋಗವಾಗಿದೆ. ಮಂಡಿಚಿಪ್ಪಿನ ಕೆಳಗಿನ ರಜ್ಜು ನೋಯುತ್ತಿದ್ದ ವಾಲಿಬಾಲ್ ಆಟಗಾರರು ಪೂರ್ಣ ಬಲದ ಶೇ. 70ರಷ್ಟನ್ನು 45 ಸೆಕೆಂಡಿನಂತೆ ಐದು ಬಾರಿ ಹಿಡಿದಾಗ ನೋವು ಕೂಡಲೇ ಇಳಿದು ಮುಕ್ಕಾಲು ಗಂಟೆ ಹಾಗೆಯೇ ಉಳಿಯಿತೆಂದು 2015ರಲ್ಲಿ ಆಸ್ಟ್ರೇಲಿಯಾದ ಎಬೊನಿ ರಿಯೊ ಮತ್ತು ಸಂಗಡಿಗರು ತೋರಿಸಿದರು. ಅಲ್ಲಿದ್ದವರು ಆರೇ ಮಂದಿ. ಆಮೇಲಿನ ಅಧ್ಯಯನಗಳಲ್ಲಿ ಎಲ್ಲರಿಗೂ ಅಷ್ಟು ನೆಮ್ಮದಿ ಸಿಗಲಿಲ್ಲ. ಊರೂರಿನಲ್ಲಿ ವಾಲಿಬಾಲ್ ಅಂಕಣವಿರುವ ಈ ಜಿಲ್ಲೆಯ ಆಟಗಾರರಿಗೆ ಇದು ಪ್ರಯತ್ನಿಸಿ ನೋಡಬಹುದಾದ ಉಪಾಯ, ಖಾತ್ರಿಯ ಮದ್ದಲ್ಲ.

ಮೂರನೆಯದು, ಇವತ್ತು ವೈದ್ಯಲೋಕದ ಗಮನ ಸೆಳೆದಿರುವುದು, ರಕ್ತದೊತ್ತಡ (ಬಿಪಿ). 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅದೇ ವರ್ಷ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಜೇಮಿ ಎಡ್ವರ್ಡ್ಸ್ ಮತ್ತು ಸಂಗಡಿಗರು 270 ಪ್ರಯೋಗಗಳ, ಒಟ್ಟು 15,827 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ನಡಿಗೆ, ಓಟ, ಸೈಕಲ್ಲಿನಂಥ ಏರೋಬಿಕ್ ವ್ಯಾಯಾಮದಿಂದ ಬಿಪಿಯ ಮೇಲಿನ ಅಂಕಿ ಸರಾಸರಿ 4.49, ಕೆಳಗಿನದು 2.53 ಇಳಿದಿತ್ತು. ಭಾರ ಎತ್ತಿ ಇಳಿಸುವ ವ್ಯಾಯಾಮದಿಂದ 4.55 ಮತ್ತು 3.04. ಐಸೊಮೆಟ್ರಿಕ್ ವ್ಯಾಯಾಮದಿಂದ 8.24 ಮತ್ತು 4.00. ಅದರಲ್ಲೂ ವಾಲ್ ಸಿಟ್ ಮೇಲಿನ ಅಂಕಿಯನ್ನು ಇಳಿಸುವುದರಲ್ಲಿ ಎಲ್ಲಕ್ಕಿಂತ ಮುಂದಿತ್ತು. ಕೆಳಗಿನ ಅಂಕಿಗೆ ಓಟವೇ ಮೇಲು. ಎಂಟು ಅಂಕಿಯ ಇಳಿಕೆ ಚಿಕ್ಕದಲ್ಲ, ಬಿಪಿಯ ಒಂದು ಮಾತ್ರೆಯಿಂದ ಸಾಮಾನ್ಯವಾಗಿ ಸಿಗುವ ಇಳಿಕೆಗೆ ಹತ್ತಿರದ್ದು.

ಈ ಇಳಿಕೆ ಹೇಗೆ? ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ಒತ್ತುತ್ತದೆ, ರಕ್ತದ ಹರಿವು ಕಡಿಮೆಯಾಗುತ್ತದೆ. ಎರಡು ನಿಮಿಷದ ಬಳಿಕ ಬಿಟ್ಟಾಗ ರಕ್ತ ಒಮ್ಮೆಲೇ ನುಗ್ಗುತ್ತದೆ. ಆ ನುಗ್ಗುವಿಕೆಗೆ ನಾಳದ ಒಳಗೋಡೆ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ಹಿಗ್ಗುತ್ತದೆ. ವಾರಗಟ್ಟಲೆ ಇದು ಮರುಕಳಿಸಿದಾಗ ನಾಳಗಳು ಹಿಗ್ಗುವ ಗುಣವನ್ನು ಉಳಿಸಿಕೊಳ್ಳುತ್ತವೆ. ಹೃದಯ ಮತ್ತು ನಾಳಗಳನ್ನು ನಿಯಂತ್ರಿಸುವ ನರಗಳ ಬಿಗುವೂ ಸಡಿಲವಾಗುತ್ತದೆ ಎಂಬುದು ಸಂಶೋಧಕರ ವಿವರಣೆ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿದ ಕ್ರಮ ಸರಳವಾಗಿದೆ: ಎರಡು ನಿಮಿಷದ ಹಿಡಿತ, ಒಂದರಿಂದ ನಾಲ್ಕು ನಿಮಿಷ ಬಿಡುವು, ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ. ಮುಷ್ಟಿ ಹಿಸುಕುವುದಾದರೆ ಪೂರ್ಣ ಬಲದ ಶೇ. 30ರಷ್ಟು ಸಾಕು. ಎಂಟು ಹತ್ತು ವಾರಗಳಲ್ಲಿ ಫಲ ಕಾಣುತ್ತದೆ. 2017ರ ಅಮೆರಿಕದ ಹೃದ್ರೋಗ ಸಂಘಟನೆಗಳ ಮಾರ್ಗಸೂಚಿಯೂ ಈ ಕ್ರಮವನ್ನು ಹೆಸರಿಸಿದೆ. ಲೆಕ್ಕ ಹಾಕಿದರೆ ವಾರಕ್ಕೆ ಬಿಗಿಹಿಡಿಯುವ ಸಮಯ 24 ನಿಮಿಷ ಮಾತ್ರ.

ಆದರೂ ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಐಸೊಮೆಟ್ರಿಕ್ ಪ್ರಯೋಗಗಳ ಸಂಖ್ಯೆ ಏರೋಬಿಕ್ ಪ್ರಯೋಗಗಳಿಗಿಂತ ಬಹಳ ಕಡಿಮೆ, ಹೆಚ್ಚಿನವು ಕೆಲವೇ ವಾರಗಳವು, ಭಾಗವಹಿಸಿದವರೂ ಕಡಿಮೆ. ಬಿಪಿ ಇಳಿದಿದ್ದರಿಂದ ಹೃದಯಾಘಾತ, ಪಾರ್ಶ್ವವಾಯು ಎಷ್ಟು ತಪ್ಪಿದವು ಎಂಬುದನ್ನು ಆ ಪ್ರಯೋಗಗಳು ಅಳೆದಿಲ್ಲ. ನಡಿಗೆಯಿಂದ ಸಕ್ಕರೆ ಕಾಯಿಲೆ, ತೂಕ, ಶ್ವಾಸದ ಸಾಮರ್ಥ್ಯಕ್ಕೆ ಸಿಗುವ ಲಾಭ ಇದರಿಂದ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಜತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ. ಐಸೊಮೆಟ್ರಿಕ್ ಸೇರಬೇಕಾದದ್ದು ಈ ಎರಡನೆಯ ಪಾಲಿಗೆ.

ಈಗ ಸುರಕ್ಷತೆ. ದೀರ್ಘಕಾಲದಲ್ಲಿ ಬಿಪಿ ಇಳಿಸುವ ಈ ವ್ಯಾಯಾಮ, ಮಾಡುತ್ತಿರುವಾಗ ಬಿಪಿಯನ್ನು ಏರಿಸುತ್ತದೆ. ಇದನ್ನು ಮರೆತರೆ ಅಪಾಯ. ರಕ್ತ ಸಾಲದ ಸ್ನಾಯುವಿನಿಂದ ಹೊರಡುವ ಸಂದೇಶಗಳು ಬಿಪಿಯನ್ನು ಏರಿಸುತ್ತವೆಂದು ಆಲಮ್ ಮತ್ತು ಸ್ಮರ್ಕ್ ಎಂಬ ವಿಜ್ಞಾನಿಗಳು 1937ರಲ್ಲೇ ತೋರಿಸಿದ್ದರು. ಶೇ. 30ರ ಮುಷ್ಟಿ ಹಿಡಿತದಲ್ಲಿ ಏರಿಕೆ ಸೌಮ್ಯವಾಗಿರುತ್ತದೆ. ತೊಡೆಯಂಥ ದೊಡ್ಡ ಸ್ನಾಯುಗಳು ಸೇರಿದ ವಾಲ್ ಸಿಟ್‌ನಲ್ಲಿ ಇನ್ನೂ ಹೆಚ್ಚು. ಹೊತ್ತು ಹೆಚ್ಚಿದಂತೆ ಏರುತ್ತಲೇ ಹೋಗುತ್ತದೆ, ಬಿಟ್ಟ ಕೂಡಲೇ ಇಳಿಯುತ್ತದೆ.

ಅಪಾಯವನ್ನು ಹಲವು ಪಟ್ಟು ಹೆಚ್ಚಿಸುವುದು ಉಸಿರು ಕಟ್ಟುವುದು. ಭಾರ ಹೊರುವಾಗ ಉಸಿರು ಬಿಗಿಹಿಡಿದು ತಿಣುಕುವುದು ಎಲ್ಲರಿಗೂ ಸಹಜ. ಆಗ ಎದೆಯೊಳಗಿನ ಒತ್ತಡ ಏರಿ, ಅದು ನೇರವಾಗಿ ರಕ್ತನಾಳಗಳಿಗೂ ತಾಗುತ್ತದೆ. ಕೆನಡಾದ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು 1985ರಲ್ಲಿ ಭಾರೀ ತೂಕವನ್ನು ಎರಡೂ ಕಾಲಿನಿಂದ ತಳ್ಳುತ್ತಿದ್ದ ದೇಹದಾರ್ಢ್ಯಪಟುಗಳ ಅಪಧಮನಿಯೊಳಗೇ ಅಳತೆ ಮಾಡಿದಾಗ ಸರಾಸರಿ 320/250, ಒಬ್ಬರಲ್ಲಿ 480/350 ದಾಟಿದ ಒತ್ತಡ ದಾಖಲಾಯಿತು. ಅವರು ಆರೋಗ್ಯವಂತ ತರುಣರು, ತೂಕ ಅತಿ ಭಾರದ್ದು, ಉಸಿರೂ ಕಟ್ಟಿತ್ತು. ಮನೆಯ ವಾಲ್ ಸಿಟ್‌ಗೂ ಅದಕ್ಕೂ ಹೋಲಿಕೆಯಿಲ್ಲ, ಆದರೆ ಉಸಿರಿನ ಮಾತು ಎರಡಕ್ಕೂ ಒಂದೇ. ಹಿಡಿತದ ಉದ್ದಕ್ಕೂ ಬಾಯಿಬಿಟ್ಟು ಒಂದರಿಂದ ಇಪ್ಪತ್ತರವರೆಗೆ ಎಣಿಸುತ್ತಿದ್ದರೆ, ಅಥವಾ ಪಕ್ಕದವರೊಡನೆ ಮಾತಾಡುತ್ತಿದ್ದರೆ ಉಸಿರು ಕಟ್ಟಲು ಬರುವುದಿಲ್ಲ. ಮಾತು ನಿಂತುಹೋಗುವಷ್ಟು ಕಷ್ಟವಾದರೆ ಹಿಡಿತ ಅತಿಯಾಯಿತೆಂದೇ ಅರ್ಥ.

ಕೆಲವರು ವೈದ್ಯರನ್ನು ಕೇಳದೆ ಇದನ್ನು ಆರಂಭಿಸಲೇಬಾರದು. ಬಿಪಿ 180/110ರ ಮೇಲಿರುವವರು, ಇತ್ತೀಚೆಗೆ ಹೃದಯಾಘಾತವಾದವರು, ವಿಶ್ರಾಂತಿಯಲ್ಲೂ ಎದೆನೋವು ಬರುವವರು, ಮಹಾಪಧಮನಿ ಉಬ್ಬಿರುವವರು ಅಥವಾ ಅದರ ಕವಾಟ ತೀರಾ ಕಿರಿದಾಗಿರುವವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟದಲ್ಲಿ ಹೊಸ ರಕ್ತನಾಳಗಳು ಬೆಳೆದಿರುವವರು, ಹರ್ನಿಯಾ ಇರುವವರು, ಕಣ್ಣಿನ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿ ಹೆಚ್ಚು ದಿನವಾಗದವರು ಈ ಸಾಲಿನಲ್ಲಿದ್ದಾರೆ. ಗರ್ಭಿಣಿಯರೂ ಕೇಳಿಯೇ ಮಾಡಬೇಕು. ಬಿಪಿಗೆ ಮಾತ್ರೆ ನುಂಗುವವರು ವ್ಯಾಯಾಮ ಶುರುಮಾಡಿದೆವೆಂದು ಮಾತ್ರೆ ನಿಲ್ಲಿಸುವುದು ಈ ವಿಷಯದಲ್ಲಿ ಆಗಬಹುದಾದ ಅತ್ಯಂತ ದೊಡ್ಡ ತಪ್ಪು. ಅಂಕಿ ಇಳಿದರೆ ಮಾತ್ರೆ ಕಡಿಮೆ ಮಾಡುವ ತೀರ್ಮಾನ ವೈದ್ಯರದ್ದು. ಹಿಡಿತದ ನಡುವೆ ಎದೆ ಬಿಗಿದರೆ, ತಲೆ ಸುತ್ತಿದರೆ, ಕಣ್ಣು ಮಂಜಾದರೆ ಅಲ್ಲಿಗೇ ನಿಲ್ಲಿಸಬೇಕು. ಇದಿಷ್ಟನ್ನು ಪಾಲಿಸಿದರೆ ಇದು ಸುರಕ್ಷಿತ ವ್ಯಾಯಾಮ. ಬಿಪಿ ಇದ್ದವರ ಮೇಲೆ ನಡೆದ ಮೇಲ್ವಿಚಾರಣೆಯ ಪ್ರಯೋಗಗಳಲ್ಲಿ ಗಂಭೀರ ತೊಂದರೆಗಳು ವಿರಳ.

ಇಲ್ಲಿ ಒಂದು ಸಹಜ ಸಂದೇಹ ಏಳುತ್ತದೆ. ಬಿಗಿಹಿಡಿಯುವುದು ಇಷ್ಟು ಒಳ್ಳೆಯದಾದರೆ ದಿನವಿಡೀ ಬಿಗಿಹಿಡಿದೇ ದುಡಿಯುವವರು ಎಲ್ಲರಿಗಿಂತ ಆರೋಗ್ಯವಾಗಿರಬೇಕಿತ್ತಲ್ಲವೇ? ಬಂಟ್ವಾಳ, ಬೆಳ್ತಂಗಡಿ ಕಡೆಯ ಅಸಂಖ್ಯ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರ ನಡೆಸಿದ್ದಾರೆ. ಮಡಿಲಲ್ಲಿ ತಡ್ಪೆ (ಮೊರ), ತಗ್ಗಿದ ಕತ್ತು, ಮುಂದಕ್ಕೆ ಬಾಗಿದ ಭುಜ, ಎಲೆ ಸುರುಳಿ ಸುತ್ತಿ ನೂಲು ಕಟ್ಟುವ ಬೆರಳುಗಳು. ಬೆರಳು ಮಾತ್ರ ಓಡುತ್ತದೆ. ಕತ್ತು, ಭುಜ, ಬೆನ್ನಿನ ಸ್ನಾಯುಗಳು ಗಂಟೆಗಟ್ಟಲೆ ಸಣ್ಣ ಬಲದಲ್ಲಿ ಬಿಗಿದೇ ಇರುತ್ತವೆ. ಪೂರ್ಣ ಬಲದ ಅರ್ಧದಷ್ಟನ್ನು ಸುಮಾರು ಒಂದು ನಿಮಿಷ ಹಿಡಿಯಬಹುದು, ಶೇ. 15ಕ್ಕಿಂತ ಕಡಿಮೆಯಾದರೆ ಎಷ್ಟು ಹೊತ್ತಾದರೂ ಹಿಡಿಯಬಹುದು ಎಂದು ಜರ್ಮನಿಯ ವಾಲ್ಟರ್ ರೋಮರ್ಟ್ 1960ರಲ್ಲಿ ಲೆಕ್ಕ ಹಾಕಿದ್ದರು. ಲೆಕ್ಕದ ಎರಡನೆಯ ಭಾಗ ಸರಿಯಿಲ್ಲವೆಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಬಲ ಎಷ್ಟೇ ಕಡಿಮೆಯಿರಲಿ, ಬಿಡುವಿಲ್ಲದಿದ್ದರೆ ಸ್ನಾಯುವಿನ ಅವೇ ಎಳೆಗಳು ಬೆಳಗಿನಿಂದ ಸಂಜೆಯವರೆಗೆ ದುಡಿದು ಸೋಲುತ್ತವೆ, ನೋವು ಬೇರೂರುತ್ತದೆ. ಅಡಿಕೆ ಮರಕ್ಕೆ ಮದ್ದು ಬಿಡುವವರ ಕಷ್ಟ ಇನ್ನೊಂದು ಬಗೆಯದು. ಕಾಲಿಗೆ ಮರ ಹತ್ತುವ ತಳೆ ಹಾಕಿ, ಒದ್ದೆ ಮರವನ್ನು ಕಾಲಲ್ಲೇ ಬಿಗಿಹಿಡಿದು, ಒಂದು ಕೈಯಲ್ಲಿ ಬೋರ್ಡೋ ದ್ರಾವಣದ ಗನ್ ಹಿಡಿದು ನಿಲ್ಲಬೇಕು. ಹಿಡಿತ ಬಲವಾದದ್ದು, ಬಿಡುವು ಅವರ ಕೈಯಲ್ಲಿಲ್ಲ; ಬಿಟ್ಟರೆ ಬಿದ್ದರು.

ಬೀಡಿ ಕಟ್ಟುವುದಕ್ಕೂ ವಾಲ್ ಸಿಟ್‌ಗೂ ಸ್ನಾಯುವಿನ ಮಟ್ಟಿಗೆ ಜಾತಿಭೇದವಿಲ್ಲ, ಮುಖ್ಯ ವ್ಯತ್ಯಾಸ ಬಿಡುವಿನಲ್ಲಿದೆ. ತರಬೇತಿಯ ಎರಡು ನಿಮಿಷದ ಬಳಿಕ ರಕ್ತ ನುಗ್ಗಿ ಬರುತ್ತದೆ, ಎರಡು ದಿನಕ್ಕೊಮ್ಮೆ ಸ್ನಾಯು ಪೂರ್ತಿ ಚೇತರಿಸಿಕೊಳ್ಳುತ್ತದೆ. ದುಡಿಮೆಯ ಬಿಗಿತಕ್ಕೆ ಅಂಥ ಬಿಡುವಿಲ್ಲ. ಆದ್ದರಿಂದ ಬೀಡಿ ಕಟ್ಟುವವರಿಗೆ, ಹೊಲಿಗೆಯಂತ್ರದ ಮುಂದೆ ಕೂರುವವರಿಗೆ, ಕಂಪ್ಯೂಟರ್ ಮುಂದೆ ದುಡಿಯುವವರಿಗೆ ಮೊದಲು ಬೇಕಾದದ್ದು ಅರ್ಧ ಗಂಟೆಗೊಮ್ಮೆ ಎದ್ದು ಭುಜ ತಿರುಗಿಸಿ ನಾಲ್ಕು ಹೆಜ್ಜೆ ನಡೆಯುವುದು. ಐಸೊಮೆಟ್ರಿಕ್ ವ್ಯಾಯಾಮ ಅವರಿಗೂ ಒಳ್ಳೆಯದೇ, ಆದರೆ ದಣಿದ ಕತ್ತು ಭುಜಗಳಿಗಲ್ಲ. ಕೂತು ಕೂತು ಸೊರಗಿದ ತೊಡೆ ಮತ್ತು ಬೆನ್ನಿನ ಕೆಳಭಾಗಕ್ಕೆ.

ವಯಸ್ಸಾದವರಿಗೆ ಇದರ ಬೆಲೆ ಹೆಚ್ಚು. ಭಾರತವೂ ಸೇರಿದ್ದ 17 ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ‘ಪ್ಯೂರ್’ ಅಧ್ಯಯನ ಸುಮಾರು 1,40,000 ಮಂದಿಯ ಮುಷ್ಟಿಬಲ ಅಳೆದು, ಬಲ 5 ಕಿಲೋ ಕಡಿಮೆಯಾದಂತೆ ಸಾವಿನ ಸಂಭವ ಶೇ. 16ರಷ್ಟು ಹೆಚ್ಚುತ್ತದೆಂದು ಕಂಡುಕೊಂಡಿತು. ಮುಷ್ಟಿ ಹಿಸುಕಿದರೆ ಆಯುಸ್ಸು ಬೆಳೆಯುತ್ತದೆಂದು ಇದರ ಅರ್ಥವಲ್ಲ. ಮುಷ್ಟಿಯ ಬಲ ಇಡೀ ದೇಹದ ಸ್ಥಿತಿಯ ಸೂಚಕ. ಆದರೆ ಕೀಲು ಅಲುಗಿಸಿದರೆ ನೋಯುವ, ಬೀಳುವ ಭಯವಿರುವ ಹಿರಿಯರಿಗೆ ಕುರ್ಚಿಯಲ್ಲಿ ಕೂತೇ ಮಾಡಬಹುದಾದ ಬಲದ ವ್ಯಾಯಾಮ ಬೇರೆ ಹೆಚ್ಚಿಲ್ಲ. ಕರಾವಳಿಗೆ ಇನ್ನೊಂದು ಅನುಕೂಲವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿ ತಪ್ಪಲಿನಿಂದ ಬಿ.ಸಿ.ರೋಡಿನವರೆಗೆ ಮಳೆ ಹಿಡಿದರೆ ಬಿಡದು. ಬೆಳಗಿನ ನಡಿಗೆ ನಿಂತುಹೋಗುವ ಆ ತಿಂಗಳುಗಳಲ್ಲಿ ಚಾವಡಿಯ ಒಂದು ಗೋಡೆ ಸಾಕು.

ಮಾಡುವ ಬಗೆ ಹೀಗೆ. ಗೋಡೆಗೆ ಬೆನ್ನು ಪೂರ್ತಿ ತಾಗಿಸಿ, ಪಾದಗಳನ್ನು ಗೋಡೆಯಿಂದ ಎರಡು ಅಡಿಯಷ್ಟು ಮುಂದಿಟ್ಟು, ಮೆಲ್ಲನೆ ಜಾರಿ ಇಳಿಯಬೇಕು. ತೊಡೆ ನೆಲಕ್ಕೆ ಸಮನಾಗುವಷ್ಟು ಇಳಿಯುವುದು ಹೊಸಬರಿಗೆ ಬೇಡ. ಮಂಡಿನೋವಿದ್ದವರು ಕಾಲುಭಾಗ ಇಳಿದರೂ ಸಾಕು. ಎತ್ತರ ಹೆಚ್ಚಿದಷ್ಟು ಮಂಡಿಚಿಪ್ಪಿನ ಮೇಲಿನ ಭಾರ ಕಡಿಮೆ. ಮಂಡಿ ಪಾದದ ಬೆರಳಿಗಿಂತ ಮುಂದೆ ಚಾಚಬಾರದು. ಮೊದಲ ವಾರ ಮೂವತ್ತು ಸೆಕೆಂಡು, ಆಮೇಲೆ ಒಂದು ನಿಮಿಷ, ಹೀಗೆ ತಿಂಗಳೊಳಗೆ ಎರಡು ನಿಮಿಷಕ್ಕೆ ತಲುಪಬಹುದು. ಮಳೆಗಾಲದಲ್ಲಿ ರೆಡ್ ಆಕ್ಸೈಡ್ ನೆಲ ಬೆವರುತ್ತದೆ. ಕಾಲಡಿಗೆ ಜಾರದ ಚಾಪೆ ಹಾಕಿಕೊಳ್ಳದೆ ಇಳಿಯಬಾರದು, ವಯಸ್ಸಾದವರ ಪಕ್ಕದಲ್ಲಿ ಹಿಡಿಯಲು ಕುರ್ಚಿಯಿರಬೇಕು. ಎದ್ದ ಕೂಡಲೇ ಬಿಪಿ ತಟ್ಟನೆ ಇಳಿದು ಕೆಲವರಿಗೆ ತಲೆ ತಿರುಗುವುದುಂಟು, ಆದ್ದರಿಂದ ಗೋಡೆಗೆ ಒರಗಿಯೇ ಅರೆಕ್ಷಣ ನಿಲ್ಲಬೇಕು. ಇದು ಕಷ್ಟವೆನಿಸುವವರಿಗೆ ಮುಷ್ಟಿಯೇ ಒಳ್ಳೆಯದು: ಮೆತ್ತನೆಯ ರಬ್ಬರ್ ಚೆಂಡನ್ನು ಪೂರ್ಣ ಬಲದ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ ಒತ್ತಿ ಹಿಡಿದು, ಕೈ ಬದಲಿಸುತ್ತ ಹೋಗುವುದು.

ಫಲ ತಿಳಿಯಲು ಅಳತೆ ಬೇಕು. ವ್ಯಾಯಾಮದ ಬೆನ್ನಿಗೇ ನೋಡಿದ ಬಿಪಿ ಲೆಕ್ಕಕ್ಕೆ ಬಾರದು. ಬೆಳಿಗ್ಗೆ ಕಾಫಿಗೆ ಮೊದಲು, ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಿದ ಅಂಕಿಯನ್ನು ದಿನಾಂಕದೊಂದಿಗೆ ಬರೆದಿಟ್ಟರೆ ಎರಡು ತಿಂಗಳಲ್ಲಿ ಏರಿಳಿತ ಸ್ಪಷ್ಟವಾಗುತ್ತದೆ, ವೈದ್ಯರಿಗೂ ಅದು ನೆರವಾಗುತ್ತದೆ. ಎಲ್ಲರಿಗೂ ಒಂದೇ ಇಳಿಕೆ ಬರುವುದಿಲ್ಲ: ಆರಂಭದಲ್ಲಿ ಬಿಪಿ ಹೆಚ್ಚಿದ್ದವರಿಗೆ ಹೆಚ್ಚು, ಸಹಜವಿದ್ದವರಿಗೆ ಕಡಿಮೆ, ಕೆಲವರಿಗೆ ಏನೂ ಇಲ್ಲ. ಬಂದ ಲಾಭವೂ ಅಭ್ಯಾಸ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ.